ಕಾರಿನ ಎಸಿ ಗ್ಯಾಸ್: ಗೇಜ್‌ನ ಮುಳ್ಳು ಏನು ಹೇಳುತ್ತದೆ, ಏನು ಹೇಳುವುದಿಲ್ಲ

(ಉಡುಪಿಯಲ್ಲಿ ಒಂದು ಭಾನುವಾರ ಸಂಜೆ, ಕಾರು ಇಟ್ಟುಕೊಂಡವರಿಗೂ ಐಟಿಐ ಓದುವ ಹುಡುಗರಿಗೂ ಸೇರಿಸಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯ ಭಾಗ ಮರುದಿನದ್ದು.)

ಎಲ್ಲರಿಗೂ ನಮಸ್ಕಾರ. ಮೊದಲು ಮೇಜಿನ ಮೇಲೆ ಇಟ್ಟದ್ದನ್ನು ನೋಡಿ. ಎಸಿ ಗ್ಯಾಸಿನ ಎರಡು ಕ್ಯಾನ್ ಉಂಟು. ಎರಡರಲ್ಲೂ ಇರುವುದು ಒಂದೇ ಗ್ಯಾಸ್, ಆರ್-134ಎ. ಒಂದು ಇನ್ನೂ ಬಳಸದ್ದು. ಇನ್ನೊಂದು ಮುಕ್ಕಾಲು ಖಾಲಿ. ಬೆಳಿಗ್ಗೆಯಿಂದ ಎರಡನ್ನೂ ಇದೇ ಕೋಣೆಯಲ್ಲಿ ಇಟ್ಟಿದ್ದೇನೆ. ಗೋಡೆಯ ಥರ್ಮಾಮೀಟರ್ 30 ಡಿಗ್ರಿ ತೋರಿಸುತ್ತಿದೆ. ಈಗ ಒಂದೊಂದಕ್ಕೂ ಗೇಜ್ ಸಿಕ್ಕಿಸುತ್ತೇನೆ. ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ, ಸ್ವಲ್ಪ ಬಂದು ಓದಿ ಹೇಳ್ತೀರಾ?

"97ರ ಹತ್ತಿರ ಉಂಟು."

ಇನ್ನೊಂದು?

"ಇದೂ 97."

ಈಗ ತಕ್ಕಡಿಗೆ ಇಡೋಣ. ಇದು ಅಡುಗೆಮನೆಯ ತಕ್ಕಡಿಯೇ, ಬೇರೆ ಎಂತದೂ ಅಲ್ಲ. ಎರಡರ ನಡುವೆ ಸುಮಾರು 340 ಗ್ರಾಂ ವ್ಯತ್ಯಾಸ. ಒಂದರಲ್ಲಿ ಒಂದು ಸಣ್ಣ ಕಾರಿಗೆ ಸಾಕಾಗುವಷ್ಟು ಗ್ಯಾಸ್. ಇನ್ನೊಂದರಲ್ಲಿ ಅಡಿಯಲ್ಲಿ ಒಂದಿಷ್ಟು. ಆದರೆ ಗೇಜ್‌ಗೆ ಎರಡೂ ಒಂದೇ.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ಗೇಜ್ ತೋರಿಸುವುದು ಪ್ರೆಶರ್. ಎಷ್ಟು ಗ್ಯಾಸ್ ಉಂಟು ಅಂತ ಅದಕ್ಕೆ ಗೊತ್ತಿಲ್ಲ. ಕಾರಿನ ಎಸಿ ಕೆಲಸದಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದಲೇ ಆದವು.

ಗೇಜ್ ಓದಿದ ಅಮ್ಮ ಆಗಲೇ ಒಂದು ಪ್ರಶ್ನೆ ಕೇಳಿದರು. "ಹಾಗಾದ್ರೆ ಇದು ಅಡುಗೆ ಗ್ಯಾಸಿನ ಹಾಗೆಯೇ ಅಲ್ವಾ?" ಹೌದು, ಸರಿಯಾಗಿ ಹಾಗೆಯೇ. ನಾನು ಹತ್ತು ನಿಮಿಷ ತಗೊಂಡು ಹೇಳಬೇಕಾದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಮನೆಗೆ ಬರುವ ಸಿಲಿಂಡರ್‌ನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಮೊದಲ ದಿನ ಒಲೆ ಹೇಗೆ ಉರಿಯುತ್ತದೋ ಮುಗಿಯುವ ಹಿಂದಿನ ದಿನವೂ ಹಾಗೆಯೇ ಉರಿಯುತ್ತದೆ. ಆಮೇಲೆ ದೋಸೆ ಅರ್ಧ ಬೆಂದಿರುವಾಗ ಒಮ್ಮೆಲೇ ಸಣ್ಣ ಆಗುತ್ತದೆ. ಎಷ್ಟು ಉಳಿದಿದೆ ಅಂತ ನೋಡಲು ನಾವು ಏನು ಮಾಡುತ್ತೇವೆ? ಸಿಲಿಂಡರ್ ಎತ್ತಿ ನೋಡುತ್ತೇವೆ. ಅಂದರೆ ತೂಗುತ್ತೇವೆ. ಮನೆಗೆ ತರುವವರ ಹತ್ತಿರ ಕೊಕ್ಕೆ ತಕ್ಕಡಿ ಇರುವುದೂ, ಸಿಲಿಂಡರ್‌ನ ಮೇಲೆ ಖಾಲಿ ತೂಕ ಬರೆದಿರುವುದೂ ಅದಕ್ಕೇ.

ಕಾರಣ ಸುಲಭ. ಸಿಲಿಂಡರ್ ಒಳಗೆ ಇರುವುದು ಬರೀ ಗ್ಯಾಸ್ ಅಲ್ಲ. ಕೆಳಗೆ ದ್ರವ, ಅದರ ಮೇಲೆ ಆವಿ. ಸ್ವಲ್ಪ ಆವಿ ಹೊರಗೆ ಹೋದರೆ ಅಷ್ಟೇ ದ್ರವ ಕುದಿದು ಆ ಜಾಗ ತುಂಬುತ್ತದೆ. ದ್ರವ ಒಂದು ಲೋಟ ಇರಲಿ, ಒಂದು ಕೊಡ ಇರಲಿ, ಮೇಲಿನ ಆವಿಯ ಪ್ರೆಶರ್ ಒಂದೇ. ಅದನ್ನು ನಿರ್ಧರಿಸುವುದು ಬಿಸಿ ಮಾತ್ರ. ಆರ್-134ಎ ಗ್ಯಾಸಿಗೆ 25 ಡಿಗ್ರಿಯಲ್ಲಿ ಸುಮಾರು 82 ಪೌಂಡ್, 30 ಡಿಗ್ರಿಯಲ್ಲಿ 97, 35 ಡಿಗ್ರಿಯಲ್ಲಿ 114. ನಾವು ಗ್ಯಾರೇಜಿನವರು ಪಿಎಸ್‌ಐ ಎನ್ನುವುದಕ್ಕೆ ಪೌಂಡ್ ಎನ್ನುತ್ತೇವೆ. ಟಯರಿಗೆ ಗಾಳಿ ಹಾಕಿಸುವಾಗ ನೀವು ಹೇಳುವ ಅದೇ ಪೌಂಡ್.

ಹಾಗಾದರೆ ನಿಂತ ಕಾರಿಗೆ ಗೇಜ್ ಹಾಕುವುದು ಸುಮ್ನೆಯಾ? ಅಲ್ಲ. ಎಂಜಿನ್ ತಣ್ಣಗಿರುವಾಗ, ಬೆಳಿಗ್ಗೆ, ನೆರಳಿನಲ್ಲಿ ಗೇಜ್ ಹಾಕಿದರೆ ಎರಡು ವಿಷಯ ಖಂಡಿತ ಗೊತ್ತಾಗುತ್ತದೆ. 30 ಡಿಗ್ರಿ ಇರುವಾಗ ಮುಳ್ಳು 40ರಲ್ಲಿ ನಿಂತರೆ ಒಳಗೆ ದ್ರವವೇ ಉಳಿದಿಲ್ಲ ಅಂತ ಅರ್ಥ. ಹೆಚ್ಚುಕಮ್ಮಿ ಎಲ್ಲವೂ ಸೋರಿ ಹೋಗಿದೆ. ಅದೇ 30 ಡಿಗ್ರಿಯಲ್ಲಿ 120 ತೋರಿಸಿದರೆ ಒಳಗೆ ಆರ್-134ಎ ಮಾತ್ರ ಇಲ್ಲ, ಗಾಳಿಯೋ ಬೇರೆ ಯಾವುದೋ ಗ್ಯಾಸೋ ಸೇರಿದೆ. ಆದರೆ ಸರಿಯಾಗಿ 97 ಬಂದರೆ? "ಪ್ರೆಶರ್ ಸರಿ ಉಂಟು, ಗ್ಯಾಸ್ ಫುಲ್ ಉಂಟು" ಎನ್ನುವಂತಿಲ್ಲ. ಮೂರನೇ ಒಂದು ಭಾಗ ಉಳಿದಿದ್ದರೂ ಅದೇ 97 ಬರುತ್ತದೆ.

ಈಗ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕೋಣ. ಗೇಜ್ ಸೆಟ್‌ನಲ್ಲಿ ಎರಡು ಗಡಿಯಾರ ಇರುತ್ತದೆ. ನೀಲಿ ಬಣ್ಣದ್ದು ಲೋ ಸೈಡ್, ಅಂದರೆ ಪ್ರೆಶರ್ ಕಡಿಮೆ ಇರುವ ಬದಿ. ಕೆಂಪು ಹೈ ಸೈಡ್, ಜಾಸ್ತಿ ಇರುವ ಬದಿ. ನಡುವಿನ ಹಳದಿ ಪೈಪ್ ಕ್ಯಾನಿಗೋ, ಒಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪಿಗೋ ಹೋಗುತ್ತದೆ. ನಿಂತಿದ್ದಾಗ ಎರಡು ಮುಳ್ಳೂ 97ರಲ್ಲಿ ಇದ್ದವು. ಆವಿಯನ್ನು ಅದುಮುವ ಕಂಪ್ರೆಸರ್ ತಿರುಗಿದ ಕೂಡಲೇ ನೀಲಿ ಇಳಿಯುತ್ತದೆ, ಕೆಂಪು ಏರುತ್ತದೆ. ಇಲ್ಲಿ ಒಂದು ಗುಟ್ಟು ಉಂಟು, ಐಟಿಐ ಹುಡುಗರು ಹತ್ತಿರ ಬಂದು ನೋಡಿ. ಗೇಜಿನ ಮುಖದಲ್ಲಿ ಪೌಂಡಿನ ಅಂಕೆಗಳ ಒಳಗೆ ಇನ್ನೊಂದು ಸಣ್ಣ ವೃತ್ತ ಉಂಟಲ್ಲ, ಅದರಲ್ಲಿ ಬೇರೆ ಅಂಕೆಗಳು. ಅದು ಡಿಗ್ರಿ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ನನಗೆ ಕೇಳಿದರೆ ಮೊದಲು ಓದಬೇಕಾದ್ದು ಅದನ್ನೇ.

ಯಾಕೆಂದರೆ ಎಸಿಯಲ್ಲಿ ಗೇಜ್ ಎನ್ನುವುದು ಒಂದು ಥರ್ಮಾಮೀಟರ್. ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಒಳಗೆ ಕೂತಿದೆ, ಅಲ್ಲಿಗೆ ಕೈ ಹಾಕಲು ಆಗುವುದಿಲ್ಲ. ಆದರೆ ಅದರ ಒಳಗೆ ದ್ರವ ಎಷ್ಟು ಡಿಗ್ರಿಯಲ್ಲಿ ಕುದಿಯುತ್ತಿದೆ ಅಂತ ನೀಲಿ ಗೇಜ್ ಹೇಳುತ್ತದೆ. 30 ಪೌಂಡ್ ಅಂದರೆ ಒಂದೂವರೆ ಎರಡು ಡಿಗ್ರಿ. 40 ಅಂದರೆ ಏಳು ಡಿಗ್ರಿಯ ಮೇಲೆ. 28ಕ್ಕಿಂತ ಕೆಳಗೆ ಇಳಿದರೆ ಸೊನ್ನೆಗಿಂತ ಕೆಳಗೆ, ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಬಹುದು. ಹಾಗೆಯೇ ಕೆಂಪು ಗೇಜ್ ಮುಂದೆ ಇರುವ ಕಂಡೆನ್ಸರ್‌ನ ಬಿಸಿ ಹೇಳುತ್ತದೆ. 200 ಪೌಂಡ್ ಅಂದರೆ ಸುಮಾರು 55 ಡಿಗ್ರಿ. ಹೊರಗೆ 33 ಡಿಗ್ರಿ ಗಾಳಿ ಇರುವಾಗ ಕಂಡೆನ್ಸರ್ 55ರಲ್ಲಿ ಇದ್ದರೆ ಸರಿ, ಒಳಗಿನ ಬಿಸಿ ಹೊರಗಿನ ಗಾಳಿಗೆ ಹೋಗುತ್ತದೆ. ಅದೇ 330 ಪೌಂಡ್ ಬಂದರೆ ಕಂಡೆನ್ಸರ್ 75 ಡಿಗ್ರಿ ಮುಟ್ಟಿದೆ. ಬಿಸಿ ಹೊರಗೆ ಹೋಗಲು ದಾರಿ ಸಿಗುತ್ತಿಲ್ಲ ಅಂತ ಅರ್ಥ. ಇಷ್ಟು ಯೋಚನೆ ಬಂದರೆ ಪಟ್ಟಿ ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡಿ ಬರುವವರು "ಲೋ ಸೈಡ್ 30 ಇರಬೇಕು, ನಿಮ್ಮದರಲ್ಲಿ 45 ಯಾಕೆ?" ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ಊರಿನ ಗಾಳಿಯಲ್ಲಿ ಉಂಟು. ಉಡುಪಿಯ ಏಪ್ರಿಲ್‌ ಹೇಗಿರುತ್ತದೆ ನಿಮಗೆ ಗೊತ್ತು. ಒಗೆದು ಹಾಕಿದ ಬಟ್ಟೆ ಸಂಜೆಯಾದರೂ ತಣ್ಣಗೆ ಇರುತ್ತದೆ, ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಬೆವರು. ಗಾಳಿಯಲ್ಲಿ ಅಷ್ಟು ನೀರು. ಕಾರಿನ ಎಸಿ ಆ ಗಾಳಿಯನ್ನು ತಂಪು ಮಾಡುವ ಮೊದಲು ಅದರಲ್ಲಿನ ನೀರನ್ನು ಹಿಂಡಬೇಕು. ಕಾರಿನ ಕೆಳಗೆ ತೊಟ್ಟಿಕ್ಕುವುದು ಅದೇ ನೀರು. ಒಂದು ಲೀಟರ್ ನೀರು ಹೀಗೆ ಆವಿಯಿಂದ ಹನಿಯಾಗುವಾಗ ಬಿಡುವ ಶಾಖ ಎಷ್ಟು ಗೊತ್ತಾ? ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾಗುವುದರ ಎಂಟು ಪಟ್ಟು. ಅಷ್ಟನ್ನೂ ಆ ಸಣ್ಣ ಕಾಯಿಲ್ ಎಳೆದುಕೊಳ್ಳಬೇಕು. ಹಾಗಾಗಿ ಕಾಯಿಲ್ ಸ್ವಲ್ಪ ಬಿಸಿಯಾಗಿಯೇ ಓಡುತ್ತದೆ, ನೀಲಿ ಮುಳ್ಳು ಮೇಲೆ ನಿಲ್ಲುತ್ತದೆ. ನನ್ನ ಅನುಭವದಲ್ಲಿ ನಮ್ಮ ಕರಾವಳಿಯ ಬೇಸಿಗೆ ಮಧ್ಯಾಹ್ನ, ಒಳ್ಳೆಯ ಸ್ಥಿತಿಯಲ್ಲಿರುವ ಕಾರಿನಲ್ಲಿ, ಲೋ ಸೈಡ್ 40ರಿಂದ 50, ಹೈ ಸೈಡ್ 200ರಿಂದ 240 ಬರುವುದು ಸಹಜ. ಅದೇ ಕಾರನ್ನು ಆಗುಂಬೆ ಘಾಟಿ ಹತ್ತಿಸಿ, ಶಿವಮೊಗ್ಗ ದಾಟಿ, ಬೆಂಗಳೂರಿನ ಒಣ ಸಂಜೆಯಲ್ಲಿ ನೋಡಿದರೆ ಎರಡೂ ಇಳಿದಿರುತ್ತದೆ. ಗ್ಯಾಸ್ ಒಂದು ಗ್ರಾಂ ಕೂಡ ಬದಲಾಗಿಲ್ಲ.

ಹಾಗಾಗಿ ಗೇಜ್ ಓದುವಾಗ ಪಕ್ಕದಲ್ಲಿ ಹೊರಗಿನ ಬಿಸಿ ಎಷ್ಟು ಅಂತ ಬರೆದಿರಬೇಕು. ಅದಿಲ್ಲದ ರೀಡಿಂಗ್ ಅರ್ಧ ಮಾತು. ನಾನು ಮಾಡುವ ಕ್ರಮ ಹೇಳುತ್ತೇನೆ. ಕಾರು ನೆರಳಿನಲ್ಲಿ. ಕಿಟಕಿ ಇಳಿಸಿ, ಬ್ಲೋವರ್ ಫುಲ್, ತಂಪು ಪೂರ್ತಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಬಟನ್. ಎಂಜಿನ್ 1500 ಆರ್‌ಪಿಎಂ ಹತ್ತಿರ ಹಿಡಿದು ಹತ್ತು ನಿಮಿಷ. ನಡುವಿನ ಗಾಳಿ ಬರುವ ಜಾಗಕ್ಕೆ ಒಂದು ಥರ್ಮಾಮೀಟರ್ ಕಡ್ಡಿ. ಅವಸರ ಮಾಡಿ ಎರಡನೇ ನಿಮಿಷಕ್ಕೆ ಓದಿದರೆ ಮುಳ್ಳು ಇನ್ನೂ ಓಡಾಡುತ್ತಲೇ ಇರುತ್ತದೆ.

ಒಂದು ಕಾರಿನ ಕಥೆ ಹೇಳುತ್ತೇನೆ. ನಿವೃತ್ತರಾದ ಒಬ್ಬ ಮಾಸ್ಟ್ರು ಬಂದಿದ್ದರು. "ಎಂತ ಮಾರಾಯಾ ಇದು, ಈ ಬೇಸಿಗೆಯಲ್ಲಿ ಮೂರು ಸಲ ಗ್ಯಾಸ್ ಹಾಕಿಸಿದೆ. ಹೆದ್ದಾರಿಯಲ್ಲಿ ಕುಂದಾಪುರಕ್ಕೆ ಹೋಗುವಾಗ ತಂಪು ಉಂಟು. ಕಲ್ಸಂಕದಲ್ಲಿ ಟ್ರಾಫಿಕ್‌ನಲ್ಲಿ ನಿಂತ್ರೆ ಬಿಸಿ ಗಾಳಿ."

ಓಡುವಾಗ ತಂಪು, ನಿಂತಾಗ ಬಿಸಿ. ಈ ಮಾತಿನಲ್ಲೇ ಅರ್ಧ ಉತ್ತರ ಉಂಟು. ಗೇಜ್ ಹಾಕಿದೆ. ನಿಂತಲ್ಲಿ ಓಡಿಸಿದಾಗ ಲೋ ಸೈಡ್ 65, ಹೈ ಸೈಡ್ 330. ಎರಡೂ ಜಾಸ್ತಿ. ಒಂದು ಬಕೆಟ್ ನೀರು ತಂದು, ಮಗ್‌ನಲ್ಲಿ ತಗೊಂಡು ಮುಂದಿನ ಜಾಲರಿಯ ಮೂಲಕ ಕಂಡೆನ್ಸರ್ ಮೇಲೆ ನಿಧಾನ ಹೊಯ್ದೆ. ಉಗಿ ಎದ್ದಿತು. ಮಾಸ್ಟ್ರಿಗೆ ಗೇಜ್ ನೋಡಲು ಹೇಳಿದ್ದೆ. "ಇಳೀತಾ ಉಂಟು, ಇಳೀತಾ ಉಂಟು" ಅಂತ ಅವರೇ ಜೋರಾಗಿ ಹೇಳುತ್ತಿದ್ದರು. ಕೆಂಪು ಮುಳ್ಳು 240ಕ್ಕೆ ಬಂತು. ಒಳಗೆ ಗಾಳಿಯೂ ತಂಪಾಯಿತು. ನೀರು ನಿಲ್ಲಿಸಿದ ಎರಡು ನಿಮಿಷಕ್ಕೆ ಮತ್ತೆ 300 ದಾಟಿತು. ಬಗ್ಗಿ ನೋಡಿದರೆ ಕಂಡೆನ್ಸರ್ ಫ್ಯಾನ್ ಸೋತ ಹಾಗೆ ಮೆಲ್ಲಗೆ ತಿರುಗುತ್ತಿತ್ತು. ಹೆದ್ದಾರಿಯಲ್ಲಿ ಎದುರಿನ ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತಿತ್ತು, ಹಾಗಾಗಿ ತಂಪು. ಕಲ್ಸಂಕದಲ್ಲಿ ನಿಂತಾಗ ಗಾಳಿಯೇ ಇಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಳಗಿದ್ದ ಗ್ಯಾಸನ್ನು ರಿಕವರಿ ಯಂತ್ರದಲ್ಲಿ ಎಳೆದು ತೂಗಿದೆ. 610 ಗ್ರಾಂ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದದ್ದು 420. ಮೂರು ಸಲ ಬೇರೆ ಬೇರೆ ಕಡೆ "ಸ್ವಲ್ಪ ಕಮ್ಮಿ ಉಂಟು" ಅಂತ ಹಾಕಿದ್ದೆಲ್ಲ ಒಳಗೇ ಕೂತಿತ್ತು. ಫ್ಯಾನ್ ಮೋಟಾರು ಬದಲಿಸಿ, ವ್ಯಾಕ್ಯೂಮ್ ಮಾಡಿ, 420 ಗ್ರಾಂ ತೂಗಿ ಹಾಕಿದೆ. ನಿಂತಲ್ಲಿ 44 ಮತ್ತು 215 ಬಂತು. ಮಾಸ್ಟ್ರು ಕಳೆದುಕೊಂಡ ದುಡ್ಡು ಒಂದು ಕಡೆ ಇರಲಿ. ಅಷ್ಟು ಜಾಸ್ತಿ ಪ್ರೆಶರಿನಲ್ಲಿ ಇನ್ನೊಂದು ತಿಂಗಳು ಓಡಿದ್ದರೆ ಕಂಪ್ರೆಸರ್ ಹೋಗುತ್ತಿತ್ತು.

ಇದನ್ನು ಬೇರೆಯವರ ತಪ್ಪು ಅಂತ ಹೇಳುತ್ತಿಲ್ಲ. ನಾನು ಕೆಲಸ ಕಲಿಯುವಾಗ ನಮ್ಮಲ್ಲೂ ತಕ್ಕಡಿ ಇರಲಿಲ್ಲ. "ಲೋ ಸೈಡ್ 40 ಬರುವವರೆಗೆ ಬಿಡು" ಅಂತ ಕಲಿಸಿದ್ದರು, ನಾನೂ ಹಾಗೆಯೇ ಬಿಟ್ಟಿದ್ದೇನೆ. ಬೆಳಿಗ್ಗೆ ಮಳೆ ಬಂದು ತಂಪಿದ್ದ ದಿನ 40 ಬರಬೇಕಾದರೆ ತುಂಬಾ ಗ್ಯಾಸ್ ಬೇಕು. ಸುಡುಬಿಸಿಲಿನ ದಿನ ಕಡಿಮೆ ಗ್ಯಾಸಿಗೇ 40 ಬಂದುಬಿಡುತ್ತದೆ. ಒಂದೇ ಅಂಕೆ, ಎರಡು ಬೇರೆ ತೂಕ. ಆ ಕಾಲದಲ್ಲಿ ನಾನು ಗ್ಯಾಸ್ ಹಾಕಿದ ಒಂದು ಟ್ಯಾಕ್ಸಿಯ ಕಂಪ್ರೆಸರ್ ಎರಡೇ ತಿಂಗಳಿಗೆ ಜಾಮ್ ಆಯಿತು. ದುಡಿದು ತಿನ್ನುವವರ ಗಾಡಿ. ಅದರ ಬೇಸರ ಇವತ್ತಿಗೂ ಉಂಟು. ಮೊದಲ ಸಂಬಳ ಉಳಿಸಿ ತಕ್ಕಡಿ ತಗೊಂಡದ್ದು ಅದಾದ ಮೇಲೆ.

ಇನ್ನು ಎರಡು ಮುಳ್ಳುಗಳ ಜೋಡಿ. ಎರಡೂ ಕಡಿಮೆ ಇದ್ದರೆ ಸಾಮಾನ್ಯವಾಗಿ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಕೂಡಲೇ "ಗ್ಯಾಸ್ ಜಾಸ್ತಿ" ಎನ್ನಬೇಡಿ. ಫ್ಯಾನ್ ನೋಡಿ, ಕಂಡೆನ್ಸರಿಗೆ ಕೆಸರು ಮೆತ್ತಿದೆಯಾ ನೋಡಿ. ನಮ್ಮಲ್ಲಿ ಜಂಬಿಟ್ಟಿಗೆಯ ಕೆಂಪು ಧೂಳು ಮಳೆಗಾಲದಲ್ಲಿ ಕೆಸರಾಗಿ ಹಾರಿ ಆ ಸಣ್ಣ ರೆಕ್ಕೆಗಳ ನಡುವೆ ಕೂತುಬಿಡುತ್ತದೆ. ಒಳಗೆ ಗಾಳಿ ಸೇರಿದ್ದರೂ ಎರಡೂ ಏರುತ್ತದೆ. ಲೋ ಜಾಸ್ತಿ, ಹೈ ಕಡಿಮೆ, ಎರಡೂ ಹತ್ತಿರ ಹತ್ತಿರ ಬಂದು ನಿಂತರೆ ಕಂಪ್ರೆಸರ್ ಸೋತಿದೆ. ಗ್ಯಾಸ್ ಎಷ್ಟು ಹಾಕಿದರೂ ಪ್ರಯೋಜನ ಇಲ್ಲ. ಲೋ ಸೈಡ್ ಸೊನ್ನೆಯ ಕೆಳಗೆ ವ್ಯಾಕ್ಯೂಮ್‌ಗೆ ಹೋದರೆ ಎಕ್ಸ್‌ಪ್ಯಾನ್ಶನ್ ವಾಲ್ವ್, ಅಂದರೆ ಕಾಯಿಲಿಗೆ ದ್ರವ ಬಿಡುವ ಸಣ್ಣ ತೂತಿನ ಬಾಗಿಲು, ಕಟ್ಟಿದೆ. ಹೀಗೆ ಹೋಗಿ, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗಿ, ಮತ್ತೆ ಹೋದರೆ, ಒಳಗೆ ನೀರಿನ ಅಂಶ ಉಂಟು. ಆ ನೀರು ವಾಲ್ವಿನ ಸಣ್ಣ ತೂತಿನಲ್ಲಿ ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ.

ಈಗಿನ ಕೆಲವು ಕಾರುಗಳಲ್ಲಿ ಇನ್ನೊಂದು ತೊಡಕು. ಅವುಗಳ ಕಂಪ್ರೆಸರ್ ಬೇಕಾದ ಹಾಗೆ ತನ್ನ ದುಡಿಮೆಯನ್ನು ತಾನೇ ಕಡಿಮೆ ಜಾಸ್ತಿ ಮಾಡಿಕೊಂಡು ಲೋ ಸೈಡನ್ನು 30ರ ಹತ್ತಿರವೇ ಹಿಡಿದಿಡುತ್ತದೆ. ಗ್ಯಾಸ್ ನೂರು ಗ್ರಾಂ ಕಡಿಮೆ ಇದ್ದರೂ ಮುಳ್ಳು ಅಲ್ಲಾಡದೆ ನಿಂತಿರಬಹುದು. ಅಂಥ ಕಾರಿಗೆ ಗೇಜ್ ನೋಡಿ ಗ್ಯಾಸ್ ಬಿಡುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ಹಳದಿ ಪೈಪಿನ ತುದಿಯಲ್ಲಿ ತಕ್ಕಡಿ ಇರಲೇಬೇಕು.

ನೀರಿನ ಅಂಶ ಅಂದೆ. ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ವಿಷಯ. ಪೈಪ್ ಬಿಚ್ಚಿ ಅರ್ಧ ಗಂಟೆ ಬಾಯಿ ಮುಚ್ಚದೆ ಇಟ್ಟರೆ ನಮ್ಮ ಜೂನ್ ತಿಂಗಳ ಗಾಳಿ ಒಳಗೆ ಹೋಗಿ ಕೂರುತ್ತದೆ. ಕಂಪ್ರೆಸರ್ ಎಣ್ಣೆ ನೀರನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಆ ನೀರು ಗ್ಯಾಸಿನ ಜೊತೆ ಸೇರಿ ನಿಧಾನ ಆಸಿಡ್ ಆಗಿ ಒಳಗಿನಿಂದಲೇ ತಿನ್ನುತ್ತದೆ. ಅದನ್ನು ತೆಗೆಯುವುದು ವ್ಯಾಕ್ಯೂಮ್ ಪಂಪ್. ಪಂಪ್ ನೀರನ್ನು ಹಾಗೆಯೇ ಎಳೆಯುವುದಿಲ್ಲ, ಕುದಿಸಿ ಆವಿ ಮಾಡಿ ಎಳೆಯುತ್ತದೆ. ಒಳಗಿನ ಒತ್ತಡ ತುಂಬಾ ಇಳಿದರೆ ನೀರು 30 ಡಿಗ್ರಿಯಲ್ಲೇ ಕುದಿಯುತ್ತದೆ. ಅದಕ್ಕೆ ನೀಲಿ ಗೇಜ್ ಸೊನ್ನೆಯ ಕೆಳಗೆ 29 ಇಂಚು (ವ್ಯಾಕ್ಯೂಮನ್ನು ಪಾದರಸದ ಇಂಚಿನಲ್ಲಿ ಅಳೆಯುತ್ತೇವೆ) ಮುಟ್ಟಲೇಬೇಕು. 27ರಲ್ಲಿ ನಿಂತರೆ ನೀರು ಕುದಿಯುವುದಿಲ್ಲ, ಪಂಪ್ ದಿನವಿಡೀ ಓಡಿದರೂ ಅಷ್ಟೇ. ನಾವು ಸಮುದ್ರದ ಮಟ್ಟದಲ್ಲಿ ಇರುವುದರಿಂದ ಮುಳ್ಳು 29 ದಾಟಿ ಹೋಗುತ್ತದೆ. ಮಡಿಕೇರಿಯಲ್ಲಿ ಅದೇ ಪಂಪ್, ಅದೇ ಗೇಜ್ 26ರ ಹತ್ತಿರ ನಿಲ್ಲುತ್ತದೆ. ಅದು ಪಂಪಿನ ದೋಷ ಅಲ್ಲ, ಅಲ್ಲಿ ಹೊರಗಿನ ಗಾಳಿಯೇ ತೆಳು.

ಕಡಿಮೆ ಅಂದರೆ ಮುಕ್ಕಾಲು ಗಂಟೆ ಪಂಪ್ ಓಡಿಸಿ. ಮಳೆಗಾಲದಲ್ಲಿ ನಾನು ಒಂದು ಗಂಟೆ ಓಡಿಸುತ್ತೇನೆ. ಆಮೇಲೆ ವಾಲ್ವ್ ಮುಚ್ಚಿ, ಪಂಪ್ ಆರಿಸಿ, ಚಹಾ ಕುಡಿದು ಬನ್ನಿ. ಮುಳ್ಳು ಅಲ್ಲೇ ಇದ್ದರೆ ಮುಂದಿನ ಕೆಲಸ. ಮೇಲೆ ಬಂದಿದ್ದರೆ ಎಲ್ಲೋ ಸೋರುತ್ತಿದೆ.

ಸೋರಿಕೆ ವಿಷಯ ಕಾರು ಮಾಲೀಕರಿಗೆ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೋಗುವುದು ಬೇರೆ. ಆದರೆ ಪ್ರತಿ ಬೇಸಿಗೆಗೆ ಹಾಕಿಸಬೇಕು ಅಂತಾದರೆ ತೂತು ಉಂಟು. ಮಲ್ಪೆ, ಪಡುಬಿದ್ರಿ, ಕಾಪು ಕಡೆ ಕಡಲ ಪಕ್ಕ ಮನೆ ಇರುವವರ ಕಾರುಗಳಲ್ಲಿ ಕಂಡೆನ್ಸರ್ ಬೇಗ ಹೋಗುವುದನ್ನು ನಾನು ನೋಡುತ್ತಲೇ ಇದ್ದೇನೆ. ಉಪ್ಪು ಗಾಳಿ ಅಲ್ಯೂಮಿನಿಯಂ ತಿನ್ನುತ್ತದೆ. ತಿಂಗಳಿಗೊಮ್ಮೆ ಸಿಹಿನೀರನ್ನು ಮೆಲ್ಲಗೆ ಹೊಯ್ದು ತೊಳೆಯಿರಿ. ಜೋರಾದ ಪ್ರೆಶರ್ ಪಂಪಿನಲ್ಲಿ ಬೇಡ, ರೆಕ್ಕೆಗಳು ಮಡಚುತ್ತವೆ. ಸೋರಿಕೆ ಹುಡುಕಲು ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚುತ್ತೇವೆ, ಇಲ್ಲವೇ ಬಣ್ಣ ಹಾಕಿ ನೀಲಿ ದೀಪದಲ್ಲಿ ನೋಡುತ್ತೇವೆ. ಆಕ್ಸಿಜನ್ ಯಾವತ್ತೂ ತುಂಬಬಾರದು. ಎಣ್ಣೆ ಇರುವಲ್ಲಿ ಆಕ್ಸಿಜನ್ ಸ್ಫೋಟ ಆಗುತ್ತದೆ.

ತೂತು ಹುಡುಕದೆ ಗ್ಯಾಸ್ ಮಾತ್ರ ಹಾಕುತ್ತಾ ಹೋದರೆ ಇನ್ನೊಂದು ನಷ್ಟ ಉಂಟು. ಗ್ಯಾಸಿನ ಜೊತೆ ಎಣ್ಣೆಯೂ ಹೊರಗೆ ಹೋಗುತ್ತದೆ. ಗೇಜ್ ಅದನ್ನೂ ತೋರಿಸುವುದಿಲ್ಲ.

ಗ್ಯಾಸ್ ಹೊರಗೆ ಬಿಟ್ಟರೆ ಏನಾಯಿತು ಅಂತ ಒಬ್ಬ ಹುಡುಗ ಕೇಳಿದ. ಹಿಂದೆ ಕಾರುಗಳಲ್ಲಿ ಇದ್ದದ್ದು ಆರ್-12. ಅಂಥ ಗ್ಯಾಸುಗಳು ಓಝೋನ್ ಪದರವನ್ನು ಹಾಳುಮಾಡುತ್ತವೆ ಅಂತ ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದನ್ನು ಬಿಡುವುದು ಶುರುವಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ತೊಂದರೆ ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ಆರ್-134ಎ ಸುಮಾರು 1430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇದನ್ನು ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದ ಆಗಿದೆ. ಲೆಕ್ಕ ಹಾಕಿ ನೋಡಿ. ಒಂದು ಕಾರಿನ 400 ಗ್ರಾಂ ಗ್ಯಾಸನ್ನು ಪಿಸ್ ಅಂತ ಗಾಳಿಗೆ ಬಿಟ್ಟರೆ 570 ಕಿಲೋ ಆಯಿತು. ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿನಲ್ಲಿ ಉಡುಪಿಯಿಂದ ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದರೂ ಅಷ್ಟು ಹೊಗೆ ಆಗುವುದಿಲ್ಲ. ಒಂದು ನಿಮಿಷದ ಸೋಮಾರಿತನಕ್ಕೆ ಇಷ್ಟು! ರಿಕವರಿ ಯಂತ್ರ ಇಲ್ಲದಿದ್ದರೆ ಇರುವವರ ಹತ್ತಿರ ಕಳುಹಿಸಿ.

ಹುಡುಗರಿಗೆ ಕೈ ಜಾಗ್ರತೆ ವಿಷಯ. ಈ ದ್ರವ ಹೊರಗೆ ಬಂದರೆ ಸೊನ್ನೆಯ ಕೆಳಗೆ 26 ಡಿಗ್ರಿಯಲ್ಲಿ ಕುದಿಯುತ್ತದೆ. ನಮ್ಮ ಕೈಯ ಬಿಸಿಗೇ ಕುದಿಯುತ್ತದೆ. ಬೆರಳಿಗೆ ಬಿದ್ದರೆ ಚರ್ಮ ಬೆಳ್ಳಗೆ ಮರಗಟ್ಟಿ, ಮರುದಿನ ಸುಟ್ಟ ಗಾಯದ ಹಾಗೆ ಬೊಬ್ಬೆ ಬರುತ್ತದೆ. ಕಣ್ಣಿಗೆ ಬಿದ್ದರೆ ಏನು ಅಂತ ಹೇಳಬೇಕಾಗಿಲ್ಲ. ಕನ್ನಡಕ, ಕೈಗವಸು ಹಾಕಿ. ಕ್ಯಾನಿನಿಂದ ಹಾಕುವಾಗ ಎಂಜಿನ್ ಓಡುತ್ತಿದ್ದರೆ ಕೆಂಪು ವಾಲ್ವ್ ಬಿಚ್ಚಲೇಬೇಡಿ. 200 ಪೌಂಡಿನ ಪ್ರೆಶರ್ ತಿರುಗಿ ಕ್ಯಾನಿಗೆ ನುಗ್ಗುತ್ತದೆ. ಕ್ಯಾನ್ ಕೈಯಲ್ಲೇ ಒಡೆಯಬಹುದು. ಎಂಜಿನ್ ಓಡುವಾಗ ಕ್ಯಾನನ್ನು ತಲೆಕೆಳಗೆ ಹಿಡಿದು ದ್ರವವನ್ನು ಲೋ ಸೈಡಿಗೆ ಸುರಿಯಬೇಡಿ. ಕಂಪ್ರೆಸರ್ ಆವಿಯನ್ನು ಅದುಮಬಲ್ಲದು, ದ್ರವವನ್ನು ಅಲ್ಲ.

ಇನ್ನೊಂದು ಮಾತು, ಕ್ಯಾನ್ ಕೊಳ್ಳುವಾಗ. ತುಂಬಾ ಅಗ್ಗಕ್ಕೆ ಸಿಕ್ಕಿದರೆ ಇವತ್ತು ಮೇಜಿನ ಮೇಲೆ ಮಾಡಿದ ಹಾಗೆ ಮಾಡಿ. ಒಂದು ರಾತ್ರಿ ಕೋಣೆಯಲ್ಲಿ ಇಟ್ಟು, ಬೆಳಿಗ್ಗೆ ಬಿಸಿ ಎಷ್ಟು ನೋಡಿ ಗೇಜ್ ಹಾಕಿ. 30 ಡಿಗ್ರಿಗೆ 97 ಬರಬೇಕು. 110, 120 ಬಂದರೆ ಅದನ್ನು ಕಾರಿಗೆ ಹಾಕಬೇಡಿ. ತೂಕ ಹೇಳಲು ಗೇಜಿಗೆ ಆಗುವುದಿಲ್ಲ, ಆದರೆ ಕಲಬೆರಕೆಯನ್ನು ಎಷ್ಟೋ ಸಲ ಹಿಡಿದು ಕೊಡುತ್ತದೆ.

ಮಾಲೀಕರು ಕೇಳಿದರು, ನಮಗೆ ಗೇಜ್ ಇಲ್ಲ, ನಾವು ಏನು ಮಾಡಬೇಕು ಅಂತ. ಹತ್ತಿರ ನಿಂತು ನೋಡಿ. ಹಾಕುವ ಮುಂಚೆ ಒಳಗಿನದ್ದು ಎಷ್ಟು ಗ್ರಾಂ ಬಂತು, ಸ್ಟಿಕ್ಕರ್‌ನಲ್ಲಿ ಎಷ್ಟು ಉಂಟು, ಎಷ್ಟು ಹಾಕಿದರು, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಣ್ಣ ಕಾರುಗಳಿಗೆ ಸುಮಾರು 350ರಿಂದ 500 ಗ್ರಾಂ ಸಾಕು. 50 ಗ್ರಾಂ ಅಂದರೆ ಅಲ್ಲಿ ಸಣ್ಣ ಮಾತಲ್ಲ. ಓಡುವಾಗಿನ ಎರಡು ಪ್ರೆಶರ್, ಹೊರಗಿನ ಬಿಸಿ, ಒಳಗೆ ಬರುವ ಗಾಳಿಯ ಬಿಸಿ, ಇವೂ ಇರಲಿ. ಮುಂದಿನ ವರ್ಷ ತೊಂದರೆ ಬಂದರೆ ಆ ಚೀಟಿ ನೋಡಿ ಯಾರು ಬೇಕಾದರೂ ಕೆಲಸ ಮುಂದುವರಿಸಬಹುದು.

ಮಾತು ಮುಗಿದ ಮೇಲೆ ಒಬ್ಬರು ತಮ್ಮ ಕಾರಿನಲ್ಲಿ ತಂಪು ಕಡಿಮೆ ಅಂದರು. ಎಲ್ಲರೂ ಅಂಗಳಕ್ಕೆ ಬಂದೆವು. ಓಡಿಸಿ ನೋಡಿದಾಗ ಲೋ ಸೈಡ್ 20, ಹೈ ಸೈಡ್ 130. ಕಂಪ್ರೆಸರ್ ಟಕ್ ಅಂತ ಹಿಡಿದು ಟಕ್ ಅಂತ ಬಿಡುತ್ತಿತ್ತು. ಗಾಳಿ 18 ಡಿಗ್ರಿ. "ಗ್ಯಾಸ್ ಕಡಿಮೆ" ಅಂತ ಹುಡುಗರೇ ಹೇಳಿದರು. ಎಷ್ಟು ಕಡಿಮೆ ಅಂತ ಕೇಳಿದೆ. ಒಬ್ಬ 50 ಗ್ರಾಂ ಅಂದ, ಇನ್ನೊಬ್ಬ 100 ಅಂದ. ಹೇಳಲು ಆಗುವುದಿಲ್ಲ ಅಣ್ಣಾ, ತೂಗಬೇಕು ಅಂತ ಹಿಂದಿನಿಂದ ಒಬ್ಬ ಹುಡುಗಿ ಹೇಳಿದಳು.

ಮರುದಿನ ಬೆಳಿಗ್ಗೆ ಆ ಕಾರು ನಮ್ಮಲ್ಲಿಗೆ ಬಂತು. ಆ ಹುಡುಗಿಯೂ ಬಂದಿದ್ದಳು. ಎಂಜಿನ್ ತಣಿಯುವವರೆಗೆ ಕಾದು ಅವಳೇ ಗೇಜ್ ಸಿಕ್ಕಿಸಿ ಓದಿದಳು. ಹೊರಗೆ 30 ಡಿಗ್ರಿ, ಎರಡೂ ಮುಳ್ಳು 97. ರಿಕವರಿ ಮಾಡಿ ತೂಗಿದೆವು, 230 ಗ್ರಾಂ. ಸ್ಟಿಕ್ಕರ್‌ನಲ್ಲಿ 400. ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿದಾಗ ಕಂಡೆನ್ಸರ್ ಪೈಪಿನ ಕೂಡುವಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆ, ಒಂದಾದ ಮೇಲೆ ಒಂದು. ಅಲ್ಲಿನ ರಬ್ಬರ್ ಬಳೆ, ಓ ರಿಂಗ್, ಗಟ್ಟಿಯಾಗಿ ಸೀಳಿತ್ತು. ಹೊಸದು ಹಾಕಿ, ಒಂದು ಗಂಟೆ ವ್ಯಾಕ್ಯೂಮ್ ಮಾಡಿ, ತಕ್ಕಡಿಯಲ್ಲಿ 400 ಗ್ರಾಂ ನೋಡಿ ಹಾಕಿದೆವು. ಓಡಿಸಿದಾಗ 42 ಮತ್ತು 210, ಗಾಳಿ 9 ಡಿಗ್ರಿ.

ಮಾಲೀಕರು ಸಂಜೆ ಕಾರು ತಗೊಂಡು ಹೋಗಲು ಬಂದರು. ಅಷ್ಟರಲ್ಲಿ ಎಂಜಿನ್ ಪೂರ್ತಿ ತಣಿದಿತ್ತು. ಹೊರಗೆ ಇನ್ನೂ 30 ಡಿಗ್ರಿಯೇ. ಅವಳು ಇನ್ನೊಮ್ಮೆ ಗೇಜ್ ಸಿಕ್ಕಿಸಿ, ಬೆಳಿಗ್ಗೆ ಬರೆದ ಸಾಲಿನ ಕೆಳಗೆ ಬರೆದಳು: 97, 97.